ಸಾವ್ಕಾರ್ರ ‘ಹೆಣ್ಣು ಐಬಲ್’: ವಿಜಯಪುರದ ಉಪ್ಪುನೀರಿನ ಟ್ಯಾಂಕಿನ ಒಂದು ಪ್ರಕರಣ

ಬಿಲ್ಲಿನಲ್ಲಿ ಬರೆದದ್ದು ‘ಐಬಲ್ ಏಂಜಲ್, ಹೆಣ್ಣು, ಸಣ್ಣ ಸೈಜು’. ಐಬಲ್ ಅಂದರೆ ಸಮುದ್ರದ ಒಂದು ಕುಳ್ಳ ಏಂಜಲ್ ಮೀನು. ಪೆಟ್ಟಿಗೆಯಲ್ಲಿ ಬಂದದ್ದು ಏಂಜಲ್ ಮೀನೇ ಅಲ್ಲ, ಸರ್ಜನ್ ಮೀನಿನ ಮರಿ. ಹವ್ಯಾಸಿಗಳ ಬಾಯಲ್ಲಿ ಅದು ಟ್ಯಾಂಗ್. ಎರಡೂ ಬೇರೆ ಕುಟುಂಬದ ಮೀನುಗಳು. ಬೆಳೆಯುವ ಗಾತ್ರ ಬೇರೆ, ಹೊಟ್ಟೆಗೆ ಬೇಕಾದ್ದು ಬೇರೆ, ಓಡಾಡಲು ಬೇಕಾದ ಜಾಗವೂ ಬೇರೆ. ಸಮುದ್ರದ ಮೀನಿನ ವ್ಯಾಪಾರದಲ್ಲಿ ಇಂಥ ಅದಲುಬದಲು ಹೊಸದೇನಲ್ಲ. ಆದರೂ ಇದನ್ನು ಪೂರ್ತಿಯಾಗಿ ಬರೆಯಲು ಕಾರಣ ಇದೆ. ನಿಜವಾದ ಐಬಲ್ ಏಂಜಲ್ ಅದೇ ಟ್ಯಾಂಕಿನಲ್ಲಿತ್ತು. ಹಾಗಾಗಿ ಅಸಲಿ ಮತ್ತು ವೇಷಧಾರಿ ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಗಾಜಿನ ಹಿಂದೆ ನೋಡುವ ಅವಕಾಶ ಸಿಕ್ಕಿತು. ಇದು ಸುಲಭಕ್ಕೆ ಸಿಗುವುದಲ್ಲ.

ಮಾಲೀಕರು ಒಣದ್ರಾಕ್ಷಿ ವ್ಯಾಪಾರಿ. ತಿಕೋಟಾ ಕಡೆಯ ತೋಟಗಳ ಮಾಲು ಕೊಂಡು, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಮಾರುವವರು. ಊರಿಗೆಲ್ಲ ಅವರು ಸಾವ್ಕಾರ್ರು. ನಾನು ಮನೆ, ಆಸ್ಪತ್ರೆ, ಹೋಟೆಲುಗಳ ಮೀನಿನ ಟ್ಯಾಂಕ್ ನೋಡಿಕೊಳ್ಳುವವನು. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಅವರಿಗೆ ನಾನು ‘ತಮ್ಮಾ’. ಅವರ ಪಡಸಾಲೆಯ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂದರೆ 9 ಘನ ಅಡಿ, ಸುಮಾರು 255 ಲೀಟರ್. ಕಲ್ಲು, ಮರಳು ಕಳೆದರೆ ನೀರು ಇನ್ನೂ ಕಡಿಮೆ. ಕೆಳಗೆ ಸಂಪ್ ಎಂಬ ಫಿಲ್ಟರ್ ತೊಟ್ಟಿ, ಅದರಲ್ಲಿ ನೊರೆಯ ಜೊತೆ ಕೊಳೆ ತೆಗೆಯುವ ಒಂದು ಸ್ಕಿಮ್ಮರ್. ಹವಳ ನಮ್ಮ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿದೆ, ಸಮುದ್ರದಿಂದ ಕಿತ್ತ ಹವಳದ ಕಲ್ಲಿಗೂ ಇಲ್ಲಿ ಜಾಗವಿಲ್ಲ. ಆದ್ದರಿಂದ ಸೆರಾಮಿಕ್ ಕಲ್ಲು. ಇರುವ ಜೀವಗಳು ಒಂದು ಐಬಲ್ ಏಂಜಲ್, ಹಸಿರು ಕ್ರೋಮಿಸ್ ಎಂಬ ಕೆಲವು ಸಣ್ಣ ಮೀನು, ಒಂದು ಕ್ಲೀನರ್ ಸೀಗಡಿ. ಈ ಸೀಗಡಿಯನ್ನು ನೆನಪಿನಲ್ಲಿಡಿ, ಮುಂದೆ ಅದರಿಂದ ಒಂದು ತೊಡಕು ಬರುತ್ತದೆ.

ವಿಜಯಪುರದಲ್ಲಿ ಸಮುದ್ರದ ನೀರು ಮಾಡುವುದೇ ಒಂದು ಕೆಲಸ. ನಲ್ಲಿಯಲ್ಲಿ ಬರುವುದು ಕೊಲ್ಹಾರದ ಕಡೆಯಿಂದ ಬರುವ ಕೃಷ್ಣೆಯ ನೀರು, ಕ್ಲೋರಿನ್ ಹಾಕಿದ್ದು. ಅದು ಬಾರದ ದಿನ ಬೋರ್. ಬೋರ್ ನೀರು ಎಷ್ಟು ಗಡಸು ಅಂದರೆ ಒಣಗಿದ ಬಕೆಟ್ಟಿನಲ್ಲಿ ಬಿಳಿ ಪದರ ಕೂರುತ್ತದೆ. ಎರಡನ್ನೂ ನೇರವಾಗಿ ಬಳಸುವ ಹಾಗಿಲ್ಲ. ಆರ್‌ಓ ನೀರಿಗೆ ಮರೀನ್ ಸಾಲ್ಟ್ ಬೆರೆಸಬೇಕು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ಸಾಕಲ್ವಾ ಎಂದು ಕೇಳುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಸಾಲದು. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಅಷ್ಟೇ ಅಲ್ಲ, ಲೀಟರಿಗೆ 1300 ಮಿಲಿಗ್ರಾಂ ಆಸುಪಾಸು ಮೆಗ್ನೀಷಿಯಂ, 400 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಪಿಎಚ್ ಹಿಡಿದಿಡುವ ಬೈಕಾರ್ಬೊನೇಟ್ ಎಲ್ಲವೂ ಇವೆ. ಈ ಟ್ಯಾಂಕಿನ ನೀರು ಚೆನ್ನಾಗಿಯೇ ಇತ್ತು. ಸಾಂದ್ರತೆ 1.025, ಅಮೋನಿಯಾ ಸೊನ್ನೆ. ತೊಂದರೆ ನೀರಿನಿಂದ ಶುರುವಾದದ್ದಲ್ಲ ಎಂದು ಹೇಳಲು ಇಷ್ಟು ಸಾಕು.

ಸಾವ್ಕಾರ್ರಿಗೆ ಒಂಟಿ ಏಂಜಲ್‌ಗೆ ಜೋಡಿ ಮಾಡುವ ಆಸೆ. ಆಸೆಯಲ್ಲಿ ತಪ್ಪಿಲ್ಲ. ಸೆಂಟ್ರೋಪೈಗೆ ಎಂಬ ಕುಲದ ಈ ಕುಳ್ಳ ಏಂಜಲ್‌ಗಳು ಮೊದಲು ಹೆಣ್ಣಾಗಿ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದು, ಜೋರಿನದು ಗಂಡಾಗಿ ಬದಲಾಗುತ್ತದೆ. ಹಾಗಾಗಿ ದೊಡ್ಡ ಮೀನಿನ ಜೊತೆ ತೀರಾ ಸಣ್ಣದೊಂದನ್ನು ಬಿಟ್ಟರೆ ಜೋಡಿಯಾಗುವ ಸಾಧ್ಯತೆ ಇದೆ. ಮುಂಬೈಯ ಒಬ್ಬ ವ್ಯಾಪಾರಿ ಇದೇ ಲೆಕ್ಕ ಹೇಳಿ ಸಣ್ಣ ಮೀನೊಂದನ್ನು ಮಾರಿದ. ಲೆಕ್ಕ ಸರಿಯಾಗಿಯೇ ಇತ್ತು, ಮೀನು ಮಾತ್ರ ಬೇರೆ. ಮಾರ್ಚ್ ಕೊನೆಯಲ್ಲಿ ರಾತ್ರಿ ಬಸ್ಸಿಗೆ ಥರ್ಮೋಕಾಲ್ ಪೆಟ್ಟಿಗೆ ಹಾಕಿದರು. ಸೊಲ್ಲಾಪುರ ದಾಟಿ ಬೆಳಿಗ್ಗೆ ಊರು ಮುಟ್ಟಿತು.

ಇಲ್ಲಿ ಒಂದು ಮಾತು. ಇಷ್ಟು ಹೊತ್ತು ಕಟ್ಟಿದ ಚೀಲದಲ್ಲಿ ಮೀನಿನ ಅಮೋನಿಯಾ ಸೇರಿರುತ್ತದೆ. ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವುದರಿಂದ ಪಿಎಚ್ ತಗ್ಗಿರುತ್ತದೆ. ಪಿಎಚ್ ತಗ್ಗಿದ್ದಾಗ ಅಮೋನಿಯಾ ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ದೂರದಿಂದ ಬಂದ ಮೀನನ್ನು ಚೀಲದ ನೀರಿನಲ್ಲೇ ಇಟ್ಟು ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸುತ್ತಾ ಕೂರುವುದು ಒಳ್ಳೆಯದಲ್ಲ. ಚೀಲ ತೇಲಿಬಿಟ್ಟು ಬಿಸಿ ಸರಿಹೊಂದಿಸಿ, ಉಪ್ಪಿನಂಶ ಮೊದಲೇ ಸರಿಮಾಡಿಟ್ಟ ನೀರಿಗೆ ಬೇಗ ದಾಟಿಸಬೇಕು. ಸಾವ್ಕಾರ್ರ ಮಗ ಇದನ್ನು ಸರಿಯಾಗಿಯೇ ಮಾಡಿದ್ದ. ಆದರೆ ಹೊಸ ಮೀನಿಗೆ ರೋಗ ಇದೆಯೇ ಎಂದು ಕೆಲವು ದಿನ ಬೇರೆ ಇಟ್ಟು ನೋಡುವ ಪ್ರತ್ಯೇಕ ತೊಟ್ಟಿ ಇಲ್ಲದ್ದರಿಂದ ಮೀನು ನೇರ ದೊಡ್ಡ ಟ್ಯಾಂಕಿಗೆ ಹೋಯಿತು.

ಮುಂದೆ ಕೆಲವು ದಿನಕ್ಕೆ ನನಗೆ ಕರೆ ಬಂತು. “ತಮ್ಮಾ, ಈ ಹೆಣ್ಣು ಮೀನ ದಿನಾ ತಿಂತೈತಿ, ಆದ್ರೂ ಹೊಟ್ಟಿ ಒಳಗ ಹೋಗೇತಿ. ಗಂಡು ಅದನ್ನ ಒಂದ ಕ್ಷಣ ಬಿಡವಲ್ದು.”

ಹೋಗಿ ನೋಡಿದೆ. ಹಳೆಯ ಏಂಜಲ್ ಎಂದಿನಂತೆ ಕಲ್ಲಿನ ಸಂದಿಯಿಂದ ಸಂದಿಗೆ ನುಸುಳುತ್ತಿತ್ತು. ಒಂದು ಕಡೆ ಕುಟುಕಿ, ಮರೆಯಾಗಿ, ಇನ್ನೊಂದು ಕಡೆ ತಲೆ ಹಾಕುತ್ತಿತ್ತು. ಹೊಸದು ಬಯಲಿನಲ್ಲೇ ಇತ್ತು. ಗಾಜಿನ ಈ ತುದಿಯಿಂದ ಆ ತುದಿಗೆ ಓಟ, ನಡುವೆ ಗಾಜಿನ ಮೇಲಿನ ತೆಳು ಪಾಚಿಗೆ ಬಾಯಿ. ನಿಲ್ಲುವುದೇ ಇಲ್ಲ. ಹಾಕಿದ ಸೀಗಡಿ ಚೂರು ತಿನ್ನುತ್ತಿತ್ತು, ಆದರೆ ಅದರ ಮನಸ್ಸು ಪಾಚಿಯ ಮೇಲೆ. 4 ಅಡಿ ಟ್ಯಾಂಕಿನ ಪಾಚಿ ಅದಕ್ಕೆ ಯಾವ ಲೆಕ್ಕ? ಹೊಟ್ಟೆ ಒಳಗೆ ಹೋಗಿದ್ದು ಅದಕ್ಕೇ. ಹಳೆಯ ಏಂಜಲ್ ಬೆನ್ನಟ್ಟುತ್ತಿದ್ದುದಕ್ಕೂ ಕಾರಣ ಕಾಣುತ್ತಿತ್ತು. ಈ ಮೀನುಗಳು ತಮ್ಮ ಹಾಗೆ ಕಾಣುವ ಮೀನನ್ನೇ ಜಾಸ್ತಿ ಓಡಿಸುತ್ತವೆ. ಅದರ ಕಣ್ಣಿಗೂ ವೇಷ ನಿಜವಾಗಿಯೇ ಕಂಡಿರಬೇಕು.

ವೇಷ ಅಷ್ಟು ಚೆನ್ನಾಗಿತ್ತು. ಅಸಲಿ ಐಬಲ್‌ನ ಮೈ ಬೂದು. ಅದರ ಮೇಲೆ ಮೇಲಿನಿಂದ ಕೆಳಕ್ಕೆ ಕಿತ್ತಳೆ ಬಣ್ಣದ ತೆಳ್ಳನೆಯ ಅಂಕುಡೊಂಕು ಗೆರೆಗಳು, ಹಿಂಭಾಗ ಮತ್ತು ಬಾಲ ಕಪ್ಪು. ಹೊಸ ಮೀನಿಗೂ ಬೂದು ಮೈ, ಕಪ್ಪು ಬಾಲ. ಗೆರೆಗಳು ಮಾತ್ರ ಮಾಸಿದಂತಿದ್ದವು. ಸಾವ್ಕಾರ್ರ ಮಗ ಮೊದಲ ದಿನವೇ ಇದನ್ನು ಗಮನಿಸಿ ವ್ಯಾಪಾರಿಗೆ ಫೋಟೋ ಕಳಿಸಿದ್ದ. ಬಂದ ಉತ್ತರ ‘ಇದು ಹೈಬ್ರಿಡ್’.

ಈ ಉತ್ತರವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಐಬಲ್‌ಗೆ ಒಂದು ದಾಯಾದಿ ಇದೆ, ಪರ್ಲ್‌ಸ್ಕೇಲ್ ಏಂಜಲ್ ಎಂದು. ಅದಕ್ಕೂ ಮುಂದೆ ಬೂದು, ಹಿಂದೆ ಕಪ್ಪು, ಆದರೆ ಕಿತ್ತಳೆ ಗೆರೆ ಇಲ್ಲ. ಇವೆರಡೂ ಸಿಗುವ ಬಾಲಿ, ಕ್ರಿಸ್‌ಮಸ್ ದ್ವೀಪದ ಕಡೆ ನಿಜವಾಗಿಯೂ ಬೆರಕೆ ಮೀನುಗಳಿವೆ. ಬೆರಕೆಯಲ್ಲಿ ಗೆರೆ ಅರ್ಧಂಬರ್ಧ ಇರುತ್ತದೆ. ಬಣ್ಣವೊಂದನ್ನೇ ನೋಡಿದರೆ ವ್ಯಾಪಾರಿಯ ಮಾತು ಪೂರ್ತಿ ನಂಬುವಂಥದ್ದೇ. ತೊಂದರೆ ಇರುವುದು ಅಲ್ಲೇ. ಬಣ್ಣದ ಮೇಲೆ ವಾದ ಮಾಡುತ್ತಾ ಹೋದರೆ ಒಂದಲ್ಲ ಒಂದು ಹೆಸರು ಹೊಂದಿಕೊಂಡೇ ಬಿಡುತ್ತದೆ.

ನಾನು ಬಣ್ಣ ಬಿಟ್ಟು ಕೆನ್ನೆ ನೋಡಿದೆ. ಸಮುದ್ರದ ಏಂಜಲ್ ಮೀನುಗಳಿಗೆಲ್ಲ ಕಿವಿರಿನ ಮುಚ್ಚಳದ ಮುಂದೆ, ಕೆನ್ನೆಯ ಕೆಳಮೂಲೆಯಲ್ಲಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳು ಇರುತ್ತದೆ. ದೊಡ್ಡದಿರಲಿ, ಕುಳ್ಳದಿರಲಿ, ಬೆರಕೆ ಇರಲಿ, ಈ ಮುಳ್ಳು ತಪ್ಪುವುದಿಲ್ಲ. ಚಿಟ್ಟೆ ಮೀನನ್ನೂ ಏಂಜಲ್ ಮೀನನ್ನೂ ಬೇರೆ ಮಾಡುವುದು ಇದರಿಂದಲೇ. ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಓರೆಯಾಗಿ ಬಿಟ್ಟೆವು. ಹಳೆಯ ಮೀನಿನ ಕೆನ್ನೆಯಲ್ಲಿ ಮುಳ್ಳು ಹೊಳೆಯಿತು. ಹೊಸದರ ಕೆನ್ನೆ ನುಣುಪು. ಹೈಬ್ರಿಡ್ ವಾದ ಅಲ್ಲಿಗೆ ಮುಗಿಯಿತು. ಎರಡು ಏಂಜಲ್‌ಗಳಿಗೆ ಹುಟ್ಟಿದ ಮರಿಗೆ ಕೆನ್ನೆಮುಳ್ಳು ಇಲ್ಲದಿರಲು ಸಾಧ್ಯವಿಲ್ಲ.

ಕೆನ್ನೆಯಲ್ಲಿ ಇಲ್ಲದ್ದು ಬಾಲದ ಬುಡದಲ್ಲಿತ್ತು. ಮೈ ಸಣ್ಣದಾಗಿ ಬಾಲ ಶುರುವಾಗುವ ಜಾಗದಲ್ಲಿ, ಎರಡೂ ಪಕ್ಕ, ಒಂದೊಂದು ಸಣ್ಣ ಗೀರು. ಸರ್ಜನ್ ಮೀನಿನ ಗುರುತು ಇದೇ. ಆ ಗೀರಿನೊಳಗೆ ಹರಿತವಾದ ಮುಳ್ಳು ಮಡಚುವ ಚಾಕುವಿನ ಹಾಗೆ ಅಡಗಿರುತ್ತದೆ. ಮೀನು ಬಾಲ ಬಾಗಿಸಿದಾಗ ಅದು ಹೊರಕ್ಕೆ ನಿಲ್ಲುತ್ತದೆ. ಕೈಗೆ ತಾಗಿದರೆ ಆಳವಾಗಿ ಕೊಯ್ಯುತ್ತದೆ, ನೋವು ಬೇಗ ಇಳಿಯುವುದಿಲ್ಲ.

ಇನ್ನೆರಡು ಗುರುತನ್ನೂ ನೋಡಿದೆವು. ಬೆನ್ನಿನ ರೆಕ್ಕೆ ಎತ್ತಿದಾಗ ತೆಗೆದ ಫೋಟೋ ಹಿಗ್ಗಿಸಿ ಗಟ್ಟಿ ಮುಳ್ಳು ಎಣಿಸಿದರೆ ಏಂಜಲ್‌ಗೆ ಹದಿನಾಲ್ಕರ ಆಸುಪಾಸು, ಈ ಮೀನಿಗೆ ಎಂಟು. ಮತ್ತೆ ಹುರುಪೆ. ಏಂಜಲ್‌ನ ಹುರುಪೆ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತದೆ. ಸರ್ಜನ್ ಮೀನಿನದು ತೀರಾ ಸಣ್ಣ, ಮೈ ಚರ್ಮದಂತೆ ಕಾಣುತ್ತದೆ. ಮೀನು ಹಿಡಿಯುವವರ ಬಳಿ ಇದಕ್ಕಿಂತ ಸುಲಭದ ಗುರುತೊಂದಿದೆ. ಏಂಜಲ್ ಬಲೆಗೆ ಕೆನ್ನೆಯಿಂದ ಸಿಕ್ಕಿಕೊಳ್ಳುತ್ತದೆ, ಸರ್ಜನ್ ಬಾಲದ ಬುಡದಿಂದ. ಎರಡನ್ನೂ ಬಲೆ ಬಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯುವುದೇ ವಾಸಿ.

ಸಮುದ್ರದಲ್ಲಿ ಈ ವೇಷಕ್ಕೆ ಅರ್ಥ ಇದೆ. ಕೆನ್ನೆಯಲ್ಲಿ ಮುಳ್ಳಿರುವ, ಸಂದಿಗೆ ಥಟ್ಟನೆ ಜಾರುವ ಏಂಜಲ್‌ನ ತಂಟೆಗೆ ಬೇಟೆಗಾರ ಮೀನುಗಳು ಅಷ್ಟಾಗಿ ಹೋಗುವುದಿಲ್ಲ. ಅದರ ಹಾಗೆ ಕಂಡರೆ ಮರಿಗೂ ರಕ್ಷಣೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಹೀಗೆ ಮಾಡುವ ಸರ್ಜನ್ ಮೀನುಗಳು ಮುಖ್ಯವಾಗಿ ಎರಡು. ಪೆಸಿಫಿಕ್ ಕಡೆಯ ಅಕಾಂಥುರಸ್ ಪೈರೋಫೆರಸ್ ಮರಿಗಳು ಒಂದೊಂದು ಕಡೆ ಒಂದೊಂದು ಏಂಜಲ್‌ನ ವೇಷ ಹಾಕುತ್ತವೆ. ಎಲ್ಲಿ ಹಳದಿ ಲೆಮನ್‌ಪೀಲ್ ಇದೆಯೋ ಅಲ್ಲಿ ಹಳದಿ, ಎಲ್ಲಿ ಪರ್ಲ್‌ಸ್ಕೇಲ್ ಇದೆಯೋ ಅಲ್ಲಿ ಬೂದು-ಕಪ್ಪು. ಹಿಂದೂ ಮಹಾಸಾಗರದ ಅಕಾಂಥುರಸ್ ಟ್ರಿಸ್ಟಿಸ್ ಮರಿ ಐಬಲ್ ವೇಷ ಹಾಕುತ್ತದೆ. ಐಬಲ್ ಏಂಜಲ್‌ಗೆ 1963ರಲ್ಲಿ ಸೆಂಟ್ರೋಪೈಗೆ ಐಬ್ಲಿ ಎಂದು ಹೆಸರಿಟ್ಟದ್ದು ಜರ್ಮನಿಯ ಮೀನು ವಿಜ್ಞಾನಿ ಕ್ಲೌಸೆವಿಟ್ಸ್. ಆ ಹೆಸರು ಐಬಲ್-ಐಬೆಸ್‌ಫೆಲ್ಟ್ ಎಂಬ ಪ್ರಾಣಿವರ್ತನೆ ವಿಜ್ಞಾನಿಯ ಗೌರವಕ್ಕೆ. ಬೇರೆ ಮೀನುಗಳ ಮೈ ಸ್ವಚ್ಛ ಮಾಡುವ ಕ್ಲೀನರ್ ಮೀನಿನ ವೇಷ ಹಾಕಿ ಅವುಗಳ ರೆಕ್ಕೆ ಕಚ್ಚುವ ಕಳ್ಳ ಮೀನಿನ ಬಗ್ಗೆಯೂ ಕೆಲಸ ಮಾಡಿದವರು ಅವರು. ಅವರ ಹೆಸರಿನ ಮೀನಿಗೇ ಒಬ್ಬ ವೇಷಧಾರಿ ಇರುವುದು ತಮಾಷೆ.

ಈಗ ಪ್ರಶ್ನೆ, ಟ್ರಿಸ್ಟಿಸ್ಸಾ ಪೈರೋಫೆರಸ್ಸಾ? ಮಾಸಿದ್ದರೂ ಕಿತ್ತಳೆ ಗೆರೆ ಇದ್ದುದರಿಂದ ಟ್ರಿಸ್ಟಿಸ್ ಕಡೆ ನನ್ನ ಒಲವಿತ್ತು. ಆದರೆ ಮೀನು ಯಾವ ಕಡಲಿನಿಂದ ಬಂದದ್ದು ಎಂದು ವ್ಯಾಪಾರಿಗೂ ಗೊತ್ತಿರಲಿಲ್ಲ. ನಾನು ಅದನ್ನು ಅಲ್ಲಿಗೇ ಬಿಟ್ಟೆ. ಹವ್ಯಾಸಿಗಳು ಪೂರ್ತಿ ವೈಜ್ಞಾನಿಕ ಹೆಸರು ಸಿಗುವವರೆಗೆ ಚರ್ಚೆ ಮಾಡುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮೀನು ಸೊರಗುತ್ತದೆ. ಸಾಕುವುದಕ್ಕೆ ಯಾವ ಕುಟುಂಬ ಎಂದು ತಿಳಿದರೆ ಮುಕ್ಕಾಲು ಕೆಲಸ ಆದಂತೆ. ಎರಡರಲ್ಲಿ ಯಾವ ಟ್ಯಾಂಗ್ ಆದರೂ ಊಟ ಅದೇ, ಜಾಗ ಅದೇ, ರೋಗದ ಭಯ ಅದೇ. ಏಂಜಲ್ಲೋ ಟ್ಯಾಂಗೋ ಎಂಬುದು ಮಾತ್ರ ಅವತ್ತೇ ತೀರ್ಮಾನ ಆಗಬೇಕಿತ್ತು.

ಐಬಲ್ ಏಂಜಲ್ ಹೆಚ್ಚೆಂದರೆ 15 ಸೆಂಟಿಮೀಟರ್. ಈ ಟ್ಯಾಂಗ್ 25ರವರೆಗೆ ಹೋಗುತ್ತದೆ. ಬರೀ ಉದ್ದದ ಮಾತಲ್ಲ. ಏಂಜಲ್ ತನ್ನ ಕಲ್ಲುಗಳ ಸುತ್ತಲೇ ಬದುಕುತ್ತದೆ, 4 ಅಡಿ ಅದಕ್ಕೆ ನಡೆಯುತ್ತದೆ. ಟ್ಯಾಂಗ್‌ಗೆ ದಿನವಿಡೀ ಈಜಬೇಕು. ಜಾಗ ಸಾಲದ ಟ್ಯಾಂಗ್ ಗಾಜಿಗೆ ಮೂತಿ ಉಜ್ಜುತ್ತಾ ಅಲೆಯುತ್ತದೆ, ಬೇರೆ ಮೀನುಗಳ ಮೇಲೆ ಬಾಲದ ಮುಳ್ಳು ಬಳಸುತ್ತದೆ.

ಸಾವ್ಕಾರ್ರ ಮುಂದೆ ಇದನ್ನೆಲ್ಲ ಇಟ್ಟೆ. ಕೆನ್ನೆಯ ಫೋಟೋ ನೋಡಿದ ವ್ಯಾಪಾರಿ ಮತ್ತೆ ವಾದ ಮಾಡಲಿಲ್ಲ, ವಾಪಸ್ ಕಳಿಸಿ ಬದಲಿ ಕೊಡುತ್ತೇನೆ ಎಂದ. ಅದು ಕಾಗದದ ಮೇಲೆ ನ್ಯಾಯ. ಸೊರಗಿದ ಮೀನು ಏಪ್ರಿಲ್ ಬಿಸಿಲಿನಲ್ಲಿ ಮತ್ತೆ ಒಂದು ರಾತ್ರಿಯ ಬಸ್ ಪ್ರಯಾಣ ತಾಳುತ್ತಿತ್ತೇ? ನನಗೆ ನಂಬಿಕೆ ಇರಲಿಲ್ಲ. ಊರಲ್ಲಿ ಇದಕ್ಕಿಂತ ದೊಡ್ಡ ಉಪ್ಪುನೀರಿನ ಟ್ಯಾಂಕ್ ಇರುವ ಬೇರೆಯವರು ನನಗೆ ತಿಳಿದಂತೆ ಇರಲಿಲ್ಲ. ಉಳಿದದ್ದು ಟ್ಯಾಂಕ್ ದೊಡ್ಡದು ಮಾಡುವುದು. ಅದರ ಖರ್ಚು ಮೀನಿನ ಬೆಲೆಗೆ ಎಷ್ಟೋ ಪಟ್ಟು. ನಾನು ಒತ್ತಾಯ ಮಾಡಲಿಲ್ಲ. ಅವರು ಸುಮ್ನೆ ಟ್ಯಾಂಕ್ ನೋಡುತ್ತಾ ಕೂತರು. “ಮನಿಗೆ ಬಂದದ್ದನ್ನ ಹೊರಗ ಹಾಕೂದು ಹೆಂಗ ಆಕ್ಕೈತಿ? ಗಾಜಿನವ್ಗ ಹೇಳು.”

ಗಾಜಿನವನು ಅಳತೆ ತೆಗೆದುಕೊಂಡು ಹೋಗುವ ಮೊದಲೇ ಮೀನಿನ ರೆಕ್ಕೆಯ ಮೇಲೆ ಬಿಳಿ ಹರಳುಗಳು ಕಂಡವು. ಸಮುದ್ರದ ಮೀನಿನ ಬಿಳಿ ಚುಕ್ಕೆ ರೋಗ. ಮಾಡುವುದು ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಜೀವಿ. ಟ್ಯಾಂಗ್‌ಗಳಿಗೆ ಇದು ಎಲ್ಲರಿಗಿಂತ ಮೊದಲು ಹಿಡಿಯುತ್ತದೆ. ಅಂಗಡಿಗಳಲ್ಲಿ ಸಿಹಿನೀರಿನ ಮೀನಿಗೆಂದು ಕೊಡುವ ನೀಲಿ ಔಷಧಿಯಿಂದ ಇದು ಹೋಗುವುದಿಲ್ಲ. ವ್ಯಾಪಾರಿ ಹೇಳಿದ್ದು ಟ್ಯಾಂಕಿಗೆ ತಾಮ್ರದ ಔಷಧಿ ಹಾಕಲು. ತಾಮ್ರ ಈ ಜೀವಿಯನ್ನು ಕೊಲ್ಲುತ್ತದೆ, ನಿಜ. ಆದರೆ ಸೀಗಡಿಯನ್ನೂ ಕೊಲ್ಲುತ್ತದೆ. ಸೆರಾಮಿಕ್ ಕಲ್ಲು, ಮರಳು ತಾಮ್ರ ಹೀರಿಕೊಂಡು ಆಮೇಲೆ ಬಿಡುತ್ತಾ ಇರುತ್ತವೆ. ಕುಳ್ಳ ಏಂಜಲ್‌ಗಳಿಗೂ ತಾಮ್ರ ಒಗ್ಗುವುದು ಕಷ್ಟ. ಪ್ರಮಾಣ ಸ್ವಲ್ಪ ತಗ್ಗಿದರೆ ರೋಗ ಹೋಗದು, ಸ್ವಲ್ಪ ಏರಿದರೆ ಮೀನು ಹೋಗುತ್ತದೆ. ನಂಬಬಹುದಾದ ಟೆಸ್ಟ್ ಕಿಟ್ ಇಲ್ಲದೆ ತಾಮ್ರ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ನಾವು ಹಿಡಿದದ್ದು ತೊಟ್ಟಿ ಬದಲಿಸುವ ದಾರಿ. ಇದಕ್ಕೆ ಔಷಧಿ ಬೇಡ, ಆ ಜೀವಿಯ ಬದುಕಿನ ಲೆಕ್ಕ ಗೊತ್ತಿದ್ದರೆ ಸಾಕು. ಅದು ಮೀನಿನ ಮೈಯಲ್ಲಿ 3ರಿಂದ 7 ದಿನ ತಿಂದು ಕೊಬ್ಬುತ್ತದೆ. ನಂತರ ಕೆಳಗೆ ಬಿದ್ದು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಂದು ನೂರಾರಾಗಿ ಒಡೆದು, ಮರಿಗಳು ಹೊರಗೆ ಬಂದು ಮತ್ತೆ ಮೀನು ಹುಡುಕುತ್ತವೆ. ಹೊರಗೆ ಬರಲು ಕನಿಷ್ಠ 3 ದಿನ ಬೇಕು. ಆದ್ದರಿಂದ 3 ದಿನ ತುಂಬುವ ಮೊದಲೇ ಮೀನನ್ನು ಒಣಗಿಸಿ ಹೊಸ ನೀರು ತುಂಬಿದ ಇನ್ನೊಂದು ತೊಟ್ಟಿಗೆ ದಾಟಿಸಿದರೆ ಕೆಳಗೆ ಬಿದ್ದದ್ದೆಲ್ಲ ಹಿಂದೆಯೇ ಉಳಿಯುತ್ತದೆ. ಹೀಗೆ ದಾಟಿಸುತ್ತಾ 12 ದಿನ ಕಳೆದರೆ ಮೈಮೇಲೆ ಏನೂ ಉಳಿದಿರುವುದಿಲ್ಲ. ಬಿಟ್ಟುಬಂದ ತೊಟ್ಟಿ, ಪೈಪು, ಗಾಳಿಕಲ್ಲು ಎಲ್ಲ ತೊಳೆದು ಪೂರ್ತಿ ಒಣಗಿಸಬೇಕು. ಒಣಗಿಸುವ ವಿಷಯದಲ್ಲಿ ವಿಜಯಪುರದ ಬೇಸಿಗೆಗೆ ಸಾಟಿ ಇಲ್ಲ. ಮಾಳಿಗೆಯ ಮೇಲಿಟ್ಟರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತಿತ್ತು.

ಏಂಜಲ್, ಕ್ರೋಮಿಸ್‌ಗಳಿಗೂ ಇದೇ ಸುತ್ತು, ಅವೂ ಅದೇ ನೀರಿನಲ್ಲಿದ್ದವಲ್ಲ. ಟ್ಯಾಂಗ್ ಮತ್ತು ಏಂಜಲ್ ಬೇರೆ ಬೇರೆ ತೊಟ್ಟಿ. ಈ ತೊಟ್ಟಿಗಳಲ್ಲಿ ಫಿಲ್ಟರ್ ಇಲ್ಲದ್ದರಿಂದ ಅಮೋನಿಯಾ ಏರುತ್ತದೆ, ದಿನಾ ಪರೀಕ್ಷೆ, ಬೇಕಾದಾಗ ನೀರು ಬದಲು. ಪ್ರತಿಯೊಂದಕ್ಕೂ ಬ್ಯಾಟರಿಯ ಏರ್ ಪಂಪ್, ಕರೆಂಟ್ ನಂಬುವ ಹಾಗಿರಲಿಲ್ಲ. ಸೀಗಡಿ ಮಾತ್ರ ಹಳೆಯ ಟ್ಯಾಂಕಿನಲ್ಲೇ ಉಳಿಯಿತು. ಅದಕ್ಕೆ ಈ ರೋಗ ಬರುವುದಿಲ್ಲ. ಆ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡಬೇಕೆಂದು ನಿರ್ಧರಿಸಿದೆವು. ಈ ಜೀವಿಯ ಕವಚ ತಡವಾಗಿ, 72 ದಿನಕ್ಕೆ ಒಡೆದದ್ದೂ ದಾಖಲಾಗಿದೆ. ಅದಕ್ಕಿಂತ ಮೊದಲು ಮೀನು ಬಿಡುವುದು ಜೂಜು.

ಊಟದ ವಿಷಯ. ನೋರಿ ಎಂಬ ಒಣ ಸಮುದ್ರ ಪಾಚಿಯ ಹಾಳೆ ಈಗ ಆನ್‌ಲೈನಿನಲ್ಲಿ ಸಿಗುತ್ತದೆ, ಜಪಾನಿನ ಅಡುಗೆಗೆ ಬಳಸುವುದು. ಉಪ್ಪು, ಎಣ್ಣೆ, ಮಸಾಲೆ ಹಾಕದ್ದೇ ಆಗಬೇಕು. ಅದನ್ನು ಕ್ಲಿಪ್ಪಿಗೆ ಸಿಕ್ಕಿಸಿ ತೊಟ್ಟಿಯೊಳಗೆ ನೇತುಹಾಕಿದೆವು. ಟ್ಯಾಂಗ್ ಮೊದಲ ದಿನವೇ ಅದಕ್ಕೆ ಅಂಟಿಕೊಂಡಿತು. ಏಂಜಲ್ ಹತ್ತಿರ ಬಂದು ನೋಡಿ ಹೋಯಿತು. ಬೆಳಿಗ್ಗೆ ಕಟ್ಟಿದ ಹಾಳೆ ಮಧ್ಯಾಹ್ನಕ್ಕೆ ಖಾಲಿ, ಮತ್ತೆ ಇನ್ನೊಂದು. ಜೊತೆಗೆ ಸ್ಪಿರುಲಿನಾ ಎಂಬ ಪಾಚಿ ಇರುವ ಒಣ ಆಹಾರ, ನಡುವೆ ಸ್ವಲ್ಪ ಮೈಸಿಸ್ ಸೀಗಡಿ. ಹೊಟ್ಟೆ ತುಂಬಿಕೊಳ್ಳಲು ವಾರಗಳೇ ಬೇಕಾದವು, ಆದರೆ ಬೆನ್ನಿನ ಮೇಲಿನ ಮಾಂಸ ಬೇಗ ಮರಳಿತು. ಸೊರಗಿದ ಟ್ಯಾಂಗ್‌ನಲ್ಲಿ ನಾನು ಮೊದಲು ನೋಡುವುದು ಹೊಟ್ಟೆಯನ್ನಲ್ಲ, ಆ ಬೆನ್ನನ್ನೇ.

ಹೊಸ ಟ್ಯಾಂಕ್ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ತುಂಬಿದರೆ 680 ಲೀಟರ್, ಉಪ್ಪೇ 24 ಕಿಲೋ ಹತ್ತಿರ. ಸಾಮಾನ್ಯವಾಗಿ ಹಳೆಯ ಟ್ಯಾಂಕಿನ ಫಿಲ್ಟರ್ ಕಲ್ಲು ತಂದು ಹಾಕಿದರೆ ಅಮೋನಿಯಾ ತಿಂದು ತೆಗೆಯುವ ಬ್ಯಾಕ್ಟೀರಿಯಾ ಬೇಗ ನೆಲೆಯಾಗುತ್ತವೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಕಲ್ಲಿನ ಜೊತೆ ರೋಗದ ಕವಚಗಳೂ ಬರುತ್ತವೆ. ಬಾಟಲಿಯ ಬ್ಯಾಕ್ಟೀರಿಯಾ, ಅದಕ್ಕೆ ಆಹಾರವಾಗಿ ಅಮೋನಿಯಾ ಹಾಕಿ ಮೊದಲಿನಿಂದ ಕಾದೆವು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನುಗಳು ತೊಟ್ಟಿಯಲ್ಲೇ.

ಈ ನಡುವೆ ಮೇ ಬಂತು. ಸಮುದ್ರದ ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಇರುವುದು 30ಕ್ಕೆ ಸುಮಾರು 6.2ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾದ ಆಮ್ಲಜನಕ ಜಾಸ್ತಿಯಾಗುತ್ತದೆ. ಸದಾ ಓಡುವ ಟ್ಯಾಂಗ್‌ಗೆ ಇದು ಏಂಜಲ್‌ಗಿಂತ ಬೇಗ ತಟ್ಟುತ್ತದೆ. ನಮ್ಮ ಒಣ ಬಿಸಿಲು ಇಲ್ಲಿ ಸ್ವಲ್ಪ ಉಪಕಾರ ಮಾಡಿತು. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಬೇಗ ಆವಿಯಾಗಿ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದ ಜಾಗಕ್ಕೆ ಬರೀ ಆರ್‌ಓ ನೀರು ತುಂಬಬೇಕು, ಉಪ್ಪುನೀರಲ್ಲ. ದೊಡ್ಡ ಟ್ಯಾಂಕಿಗೆ ನೀರು ತಣ್ಣಗೆ ಮಾಡುವ ಯಂತ್ರ, ಚಿಲ್ಲರ್ ಹಾಕಿಸಿದರು. ಅವರ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ಬಂದು ನೋಡಿದವನೇ, “ಇದರ ಬಿಸಿ ಗಾಳಿ ಇದೇ ಖೋಲಿಯೊಳಗ ಬಿಟ್ರ ಏನ ಉಪಯೋಗ ರೀ?” ಎಂದು ಪೈಪು ಹಾಕಿ ಬಿಸಿಯನ್ನು ಹೊರಗೆ ಬಿಟ್ಟ. ಚಿಲ್ಲರ್ ಮಾರಿದವರು ಹೇಳದೆ ಇದ್ದ ಮಾತು ಅದು.

ಟ್ಯಾಂಕ್ ಸಿದ್ಧವಾದ ಮೇಲೆ ಮೊದಲು ಕ್ರೋಮಿಸ್, ಆಮೇಲೆ ಟ್ಯಾಂಗ್, ಕೊನೆಗೆ ಏಂಜಲ್. ಜಗಳಗಂಟನನ್ನು ಕೊನೆಗೆ ಬಿಟ್ಟರೆ ಜಾಗ ತನ್ನದೆಂದು ಹಕ್ಕು ಸಾಧಿಸಲು ಹೊತ್ತಾಗುತ್ತದೆ. ಒಂದು ತುದಿಯಲ್ಲಿ ಸಂದಿಗಳಿರುವ ಕಲ್ಲಿನ ರಾಶಿ, ಉಳಿದದ್ದು ಬಯಲು. ಏಂಜಲ್ ರಾಶಿಗೆ ಹೋಯಿತು, ಟ್ಯಾಂಗ್ ಬಯಲಿಗೆ. ಮೊದಲೆರಡು ದಿನ ಬೆನ್ನಟ್ಟುವುದು ನಡೆಯಿತು, ಆಮೇಲೆ ತಣ್ಣಗಾಯಿತು. ಜಾಗವೇ ಅರ್ಧ ಜಗಳ ಬಿಡಿಸುತ್ತದೆ.

ಹೆಸರಿನ ಬಾಕಿ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮೀನೇ. ಬೆಳೆಯುತ್ತಾ ವೇಷ ಕಳಚಿತು. ಕಿತ್ತಳೆ ಗೆರೆ ಮೊದಲು ಹೋಯಿತು, ಬೂದು ಮೈ ಕಂದಾಯಿತು. ದುಂಡಗಿದ್ದ ಬಾಲದ ಎರಡು ಮೂಲೆಗಳು ಚಾಚಿಕೊಂಡವು. ಕಿವಿರಿನ ಹಿಂದೆ ಕಪ್ಪು ಪಟ್ಟಿ ಮೂಡಿತು. ಪೈರೋಫೆರಸ್ ಆಗಿದ್ದರೆ ಎದೆರೆಕ್ಕೆಯ ಬುಡದ ಹತ್ತಿರ ಕಿತ್ತಳೆ ಮಚ್ಚೆ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ನನ್ನ ಡೈರಿಯಲ್ಲಿ ಅಕಾಂಥುರಸ್ ಟ್ರಿಸ್ಟಿಸ್ ಎಂದು ಬರೆದುಕೊಂಡೆ. ಈ ಹೆಸರು ಬಂದ ಮೇಲೆ ಅದರ ಊಟ, ನೀರು, ಜಾಗ ಯಾವುದರಲ್ಲೂ ಏನೂ ಬದಲಾಗಲಿಲ್ಲ. ಸಾವ್ಕಾರ್ರ ಮನೆಯವರು ಈಗಲೂ ಅದನ್ನು ‘ಹೆಣ್ಣು’ ಎಂದೇ ಕರೆಯುತ್ತಾರೆ. ಗಂಡೋ ಹೆಣ್ಣೋ ಹೊರಗಿನಿಂದ ನೋಡಿ ನಾನಂತೂ ಹೇಳಲಾರೆ.

ಖಾಲಿ ಬಿಟ್ಟಿದ್ದ 4 ಅಡಿ ಟ್ಯಾಂಕಿಗೆ ಅವಧಿ ಮುಗಿದ ಮೇಲೆ ಕ್ಲೌನ್ ಮೀನು ತರೋಣ ಎಂದರು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಸಿಗುತ್ತವೆ, ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ಅವನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ನನಗೂ ಅದು ಒಪ್ಪಿಗೆ. ಈ ಸಲ ಸಾವ್ಕಾರ್ರ ಮಗ ದುಡ್ಡು ಕಳಿಸುವ ಮೊದಲೇ ಫೋಟೋ ತರಿಸಿಕೊಂಡ, ಬೆನ್ನಿನ ರೆಕ್ಕೆ ಪೂರ್ತಿ ಎತ್ತಿದ್ದು. ಅಂಗಡಿಯವರು ‘ಪರ್ಕ್ಯುಲಾ’ ಎಂದು ಜಾಸ್ತಿ ರೇಟು ಹೇಳಿದ್ದರು. ಪರ್ಕ್ಯುಲಾ, ಒಸೆಲ್ಲಾರಿಸ್ ಎಂಬವು ನೋಡಲು ಒಂದೇ ಥರದ ಎರಡು ಕ್ಲೌನ್ ಜಾತಿಗಳು. ಪರ್ಕ್ಯುಲಾಕ್ಕೆ ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ ಹತ್ತು ಮುಳ್ಳು, ಒಸೆಲ್ಲಾರಿಸ್‌ಗೆ ಹನ್ನೊಂದು. ಅವನು ಎಣಿಸಿ ನನಗೂ ಕಳಿಸಿದ, ನಾನೂ ಎಣಿಸಿದೆ. ಹನ್ನೊಂದು. ಸಾಕುವುದರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ರೇಟಿನಲ್ಲಿ ಇತ್ತು. ಒಸೆಲ್ಲಾರಿಸ್ ರೇಟಿಗೇ ಎರಡು ಮೀನು ತರಿಸಿಕೊಂಡರು. ಅವು ಈಗ ಪ್ರತ್ಯೇಕ ತೊಟ್ಟಿಯಲ್ಲಿವೆ.